ಜೋಡಿ ಸರಿಯಿದ್ದರೆ ಓಟ: ಅಗ್ಗದ ಗೇಮಿಂಗ್ ಕಂಪ್ಯೂಟರಿನ ಕಥೆ

ಕಳೆದ ಮಳೆಗಾಲದಲ್ಲಿ ಒಂದು ರಜೆಯ ದಿನ ಮಗ ವಾಟ್ಸಾಪಿನಲ್ಲಿ ಪಟ್ಟಿಯೊಂದನ್ನು ಕಳಿಸಿದ. ಕುಂದಾಪುರದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಗೇಮಿಂಗ್ ಕಂಪ್ಯೂಟರ್ ಕೊಡಿಸುತ್ತೇನೆ, 3,000 ದಿರ್ಹಂ ಮೀರಬಾರದು ಎಂದು ನಾನೇ ಮಾತು ಕೊಟ್ಟಿದ್ದೆ. ಅಂಕ ಬಂತು, ಪಟ್ಟಿಯೂ ಬಂತು. ಮೊದಲ ಸಾಲಿನಲ್ಲಿ ಬಲು ದುಬಾರಿಯ ಪ್ರೊಸೆಸರ್, ಎರಡನೆಯದರಲ್ಲಿ ಬಣ್ಣದ ದೀಪಗಳಿರುವ ಗಾಜಿನ ಕ್ಯಾಬಿನೆಟ್. ಕೊನೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಎದುರು ಬರೆದಿದ್ದ: "ಅಪ್ಪಾ, ಇದು ಸದ್ಯಕ್ಕೆ ಚಿಕ್ಕದು ಸಾಕು."

ಅದನ್ನು ಓದಿ ನಗು ಬರಲಿಲ್ಲ. ಯಾಕೆಂದರೆ 1999ರಲ್ಲಿ ಇದೇ ದುಬೈಯಲ್ಲಿ ನಾನೂ ಇಂಥದೇ ಪಟ್ಟಿ ಮಾಡಿದ್ದೆ.

ಆಗ ಕರಾಮದ ಒಂದು ಕೋಣೆಯಲ್ಲಿ ನಾವು ಆರು ಜನ. ನಾನು ಬಂದು ಎರಡು ವರ್ಷವಾಗಿತ್ತು. ಊರಿನ ಮನೆಯ ಮಾಡಿಗೆ ಹಂಚು ಬದಲಾಯಿಸಬೇಕೆಂದು ಕೂಡಿಟ್ಟ ದುಡ್ಡನ್ನು ತೆಗೆದುಕೊಂಡು ಬರ್ ದುಬೈಗೆ ಹೋದೆ. ಆಗ ತಾನೇ ಬಂದಿದ್ದ ಪೆಂಟಿಯಂ 3 ಬೇಕೇ ಬೇಕು ಎಂಬ ಹಟ. ದುಡ್ಡಿನ ಬಹುಪಾಲು ಅದಕ್ಕೇ ಹೋಯಿತು. ಚಿತ್ರ ತೋರಿಸುವ ಕೆಲಸಕ್ಕೆ ಮದರ್‌ಬೋರ್ಡಿನಲ್ಲೇ ಇದ್ದ ಚಿಪ್ ಸಾಕು ಎಂದುಕೊಂಡೆ. ಪವರ್ ಸಪ್ಲೈ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದು. ರಾತ್ರಿ ಎಲ್ಲರೂ ಸುತ್ತ ಕೂತು 'ನೀಡ್ ಫಾರ್ ಸ್ಪೀಡ್ 3' ಹಾಕಿದರೆ ಕಾರು ಓಡಲಿಲ್ಲ, ಒಂದೊಂದೇ ಫೋಟೋ ತೋರಿಸಿದ ಹಾಗೆ ಹೆಜ್ಜೆ ಹಾಕಿತು. ಪಕ್ಕದ ಕೋಣೆಯ ಕಾಸರಗೋಡಿನ ಹುಡುಗ ಅಗ್ಗದ ಸೆಲೆರಾನ್ ಪ್ರೊಸೆಸರಿನ ಜೊತೆ ಯಾರೋ ಬಳಸಿ ಬಿಟ್ಟ ವೂಡೂ ಕಾರ್ಡು ಹಾಕಿಕೊಂಡಿದ್ದ. ನನಗಿಂತ ಎಷ್ಟೋ ಕಡಿಮೆ ಖರ್ಚು. ಅವನ ಕಾರು ಗಾಳಿಯ ಹಾಗೆ ಓಡುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ಪುಕ್ಕಟೆ ಪವರ್ ಸಪ್ಲೈ 'ಟಪ್' ಎಂದಿತು. ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಆ ವರ್ಷ ಹಂಚು ಬದಲಾಗಲಿಲ್ಲ. ಕಂಪನಿಯಲ್ಲಿ ಸಂಬಳ ತಡವಾಯಿತು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

ಆ ಸೋಲಿನ ಮೇಲೆ ಹಟಕ್ಕೆ ಬಿದ್ದು ಈ ಪೆಟ್ಟಿಗೆಯ ಕಥೆಯನ್ನು ಓದುತ್ತಾ ಬಂದೆ. ನಮ್ಮಲ್ಲಿ ಅನೇಕರ ಮಕ್ಕಳು ಈಗ ಇಂಥ ಪಟ್ಟಿ ಕಳಿಸುವ ವಯಸ್ಸಿನವರು. ಆದ್ದರಿಂದ ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಬಾಗಿಲು ತೆರೆದದ್ದು ಹೇಗೆ

ಟಿವಿ, ಫ್ರಿಜ್‌ಗಳನ್ನು ನಾವು ಬಿಡಿಭಾಗ ತಂದು ಮನೆಯಲ್ಲಿ ಜೋಡಿಸುವುದಿಲ್ಲ. ಕಂಪ್ಯೂಟರನ್ನು ಮಾತ್ರ ಜೋಡಿಸಬಹುದು. ಇದಕ್ಕೆ ಕಾರಣ ಐಬಿಎಂ ಕಂಪನಿಯ ಅವಸರ. 1981ರ ಆಗಸ್ಟ್ 12ರಂದು ಅದು ತನ್ನ ಮೊದಲ ಪಿಸಿಯನ್ನು ಬಿಡುಗಡೆ ಮಾಡಿತು. ಬೇಗ ಮಾರುಕಟ್ಟೆಗೆ ಬರಬೇಕೆಂದು ಎಲ್ಲವನ್ನೂ ತಾನೇ ತಯಾರಿಸದೆ ಹೊರಗೆ ಸಿಗುವ ಭಾಗಗಳನ್ನೇ ಕೊಂಡಿತು. ಪ್ರೊಸೆಸರ್ ಇಂಟೆಲ್‌ನ 8088, ಡಾಸ್ ಮೈಕ್ರೋಸಾಫ್ಟಿನದು, ಫ್ಲಾಪಿ ಡ್ರೈವ್ ಭಾರತೀಯ ಮೂಲದ ಸಿರ್ಜಂಗ್ ಲಾಲ್ ಟಂಡನ್ ಅವರ ಕಂಪನಿಯದು. ಒಳಗೆ ಬೇರೆಯವರ ಕಾರ್ಡುಗಳನ್ನು ಸಿಕ್ಕಿಸಲು ಐದು ಸ್ಲಾಟುಗಳಿದ್ದವು. ಯಂತ್ರದ ಒಳಗುಟ್ಟನ್ನು ವಿವರಿಸುವ ಕೈಪಿಡಿಯನ್ನೂ ಐಬಿಎಂ ಮಾರಿತು.

ಐಬಿಎಂನ ಸ್ವಂತದ್ದು ಎನ್ನಬಹುದಾದ ಮುಖ್ಯ ವಸ್ತು ಒಂದೇ, ಬಯಾಸ್. ಸ್ವಿಚ್ ಹಾಕಿದೊಡನೆ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಅದು. ಅದನ್ನು ನಕಲು ಮಾಡಿದರೆ ಕೋರ್ಟಿಗೆ ಹೋಗಬೇಕಾಗುತ್ತಿತ್ತು. ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಒಂದು ತಂಡ ಬಯಾಸನ್ನು ಓದಿ ಅದು ಏನೇನು ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಅದೇ ಕೆಲಸ ಮಾಡುವ ಹೊಸ ಪ್ರೋಗ್ರಾಂ ಬರೆಯಿತು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ತನ್ನ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇಂಥದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೀಗ ಮುರಿಯಿತು. ತೈವಾನಿನಲ್ಲಿ ಗಿಗಾಬೈಟ್, ಎಂಎಸ್ಐ, ಆಸುಸ್‌ನಂಥ ಕಂಪನಿಗಳು ಹುಟ್ಟಿ ಮದರ್‌ಬೋರ್ಡುಗಳನ್ನು ರಾಶಿ ಹಾಕಿದವು.

ಆ ರಾಶಿ ಹಂಚಿಹೋದ ಬೀದಿಗಳು ನಮಗೆ ಗೊತ್ತಿರುವಂಥವೇ. ಹಾಂಗ್‌ಕಾಂಗಿನಲ್ಲಿ ಶಾಮ್ ಶೂಯಿ ಪೊ, ದೆಹಲಿಯಲ್ಲಿ ನೆಹರು ಪ್ಲೇಸ್, ಬೆಂಗಳೂರಿನಲ್ಲಿ ಎಸ್.ಪಿ. ರೋಡ್, ಇಲ್ಲಿ ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆ. ಆ ರಸ್ತೆಯನ್ನು ಈಗಲೂ ಹಳಬರು 'ಕಂಪ್ಯೂಟರ್ ಸ್ಟ್ರೀಟ್' ಎಂದೇ ಕರೆಯುತ್ತಾರೆ. ಭಾರತದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಗೊಳಿಸಿತು. ಆದರೂ ಸುಂಕದ ಭಾರ ಬಹಳ ಕಾಲ ಇಳಿಯಲಿಲ್ಲ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಕಂಪ್ಯೂಟರ್ ಭಾಗಗಳ ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ಅದಕ್ಕೂ ಮೊದಲು ಊರಿಗೆ ಹೊರಟವರ ಬ್ಯಾಗಿನಲ್ಲಿ ಟ್ಯಾಂಗ್ ಡಬ್ಬಿ, ಕೊಡೆ, ಸೆಂಟಿನ ಬಾಟಲಿಗಳ ನಡುವೆ ಯಾರದೋ ಮಗನಿಗೆಂದು ರ‍್ಯಾಮ್ ಕಡ್ಡಿಯೊಂದು ಬಟ್ಟೆಯಲ್ಲಿ ಸುತ್ತಿ ಕೂತಿರುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಆಟಗಳು ಕಲಿಸಿದ ಲೆಕ್ಕ

ಭಾಗಗಳು ಸಿಗುವುದು ಬೇರೆ, ಯಾವ ಭಾಗಕ್ಕೆ ಎಷ್ಟು ದುಡ್ಡು ಎಂದು ತಿಳಿಯುವುದು ಬೇರೆ. ಇದನ್ನು ಜನರಿಗೆ ಕಲಿಸಿದ್ದು ಆಫೀಸಿನ ಕೆಲಸವಲ್ಲ, ಆಟ.

1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಕಂಪನಿ 'ಡೂಮ್' ಆಟವನ್ನು ಹೊರಬಿಟ್ಟಿತು. ಮೊದಲ ಭಾಗ ಪುಕ್ಕಟೆ, ಯಾರು ಬೇಕಾದರೂ ಫ್ಲಾಪಿಯಲ್ಲಿ ಹಂಚಬಹುದು. ಆದರೆ ಅದಕ್ಕೆ 4 ಎಂಬಿ ರ‍್ಯಾಮ್ ಬೇಕಿತ್ತು. ಅದೇ ವರ್ಷ ಜುಲೈಯಲ್ಲಿ ಜಪಾನಿನ ನೀಹಾಮದಲ್ಲಿದ್ದ ಸುಮಿಟೊಮೊ ಕಾರ್ಖಾನೆಯಲ್ಲಿ ಸ್ಫೋಟವಾಗಿತ್ತು. ಚಿಪ್ಪುಗಳಿಗೆ ಹೊದಿಸುವ ರಾಳದ ದೊಡ್ಡ ಪಾಲು ಅಲ್ಲೇ ತಯಾರಾಗುತ್ತಿದ್ದುದರಿಂದ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಏರಿ ಕೂತಿತ್ತು. ಎಲ್ಲೋ ಬಿದ್ದ ಬೆಂಕಿ ನಮ್ಮ ಜೇಬಿಗೆ ತಗಲುವುದು ಹೀಗೆ. ವೇಗದ ಪ್ರೊಸೆಸರ್ ಕೊಂಡು 2 ಎಂಬಿ ರ‍್ಯಾಮಿನಲ್ಲಿ ಉಳಿಸಿದವನಿಗೆ ಆಟವೇ ಶುರುವಾಗಲಿಲ್ಲ.

1996ರ ಜೂನಿನಲ್ಲಿ ಅದೇ ಕಂಪನಿಯ 'ಕ್ವೇಕ್' ಬಂತು. ಆಗ ಪೆಂಟಿಯಂಗಿಂತ ಅಗ್ಗವಾಗಿ ಸಿಗುತ್ತಿದ್ದ ಸೈರಿಕ್ಸ್ 6x86 ಪ್ರೊಸೆಸರ್ ಆಫೀಸಿನ ಕೆಲಸದಲ್ಲಿ ಪೆಂಟಿಯಂಗೆ ಸರಿಸಾಟಿ, ಕೆಲವೊಮ್ಮೆ ಮುಂದೆ. ಆದರೆ ಕ್ವೇಕ್ ದಶಾಂಶದ ಲೆಕ್ಕಗಳನ್ನು ಬಹಳ ಬಳಸುತ್ತಿತ್ತು, ಅದರ ಪ್ರೋಗ್ರಾಂ ಪೆಂಟಿಯಂನ ನಡೆಗೆ ಹೊಂದುವಂತೆ ಬರೆದದ್ದು. ಆ ಲೆಕ್ಕದಲ್ಲಿ ಸೈರಿಕ್ಸ್ ಕುಂಟಿತು. ಅಗ್ಗದ ವಸ್ತು ಕೆಟ್ಟದ್ದೇನಲ್ಲ. ಆದರೆ ಯಾವ ಕೆಲಸಕ್ಕೆ ಎಂದು ಕೇಳಿಯೇ ಕೊಳ್ಳಬೇಕು ಎಂಬ ಪಾಠ ಅನೇಕರಿಗೆ ಆ ವರ್ಷ ಸಿಕ್ಕಿತು.

ಅದೇ 1996ರಲ್ಲಿ ರ‍್ಯಾಮ್ ಬೆಲೆ ಕುಸಿಯಿತು. 3ಡಿಎಫ್‌ಎಕ್ಸ್ ಎಂಬ ಕಂಪನಿ 4 ಎಂಬಿ ಮೆಮೊರಿಯಿದ್ದ ವೂಡೂ ಕಾರ್ಡನ್ನು ಮನೆಬಳಕೆಯ ಬೆಲೆಗೆ ತರಲು ಇದರಿಂದ ದಾರಿಯಾಯಿತು. ವೂಡೂ ವಿಚಿತ್ರ ಜೀವಿ, ಮೂರು ಆಯಾಮದ ಆಟ ಬಿಟ್ಟರೆ ಬೇರೇನೂ ತೋರಿಸದು. ಹಾಗಾಗಿ ಮಾಮೂಲಿ ಕಾರ್ಡೂ ಬೇಕು. ಅದರಿಂದ ಒಂದು ಕೇಬಲ್ ಹಿಂದಿನಿಂದ ಸುತ್ತಿ ಬಂದು ವೂಡೂವಿನ ಮೂಲಕ ಮಾನಿಟರಿಗೆ ಹೋಗುತ್ತಿತ್ತು. ಚಿತ್ರ ಬಿಡಿಸುವ ಹೊರೆಯನ್ನು ಪ್ರೊಸೆಸರಿನ ತಲೆಯಿಂದ ಇಳಿಸಿದ್ದು ಇದರ ದೊಡ್ಡ ಸಾಧನೆ. ಅಂದಿನಿಂದ ಗೇಮಿಂಗ್ ಕಂಪ್ಯೂಟರಿನ ಲೆಕ್ಕಾಚಾರವೇ ಬದಲಾಯಿತು. 1999ರಲ್ಲಿ ನನಗೆ ತಿಳಿಯದೆ ಹೋದದ್ದು ಇದೇ.

ಲೆಕ್ಕ ಸುಲಭದ್ದು. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರ ಓಡಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಕಾರು ಎಲ್ಲಿದೆ, ಎದುರಾಳಿ ಎಲ್ಲಿದ್ದಾನೆ ಎಂದು ಪ್ರೊಸೆಸರ್ ಲೆಕ್ಕ ಹಾಕಿ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡು ಅದನ್ನು ಬಿಡಿಸುತ್ತದೆ. ಪ್ರೊಸೆಸರ್ 5 ಮಿಲಿಸೆಕೆಂಡಿನಲ್ಲಿ ಮುಗಿಸಿ, ಕಾರ್ಡು 40 ಮಿಲಿಸೆಕೆಂಡ್ ತೆಗೆದುಕೊಂಡರೆ ನಮಗೆ ಕಾಣುವುದು ಸೆಕೆಂಡಿಗೆ 25 ಚಿತ್ರ ಮಾತ್ರ. ಪ್ರೊಸೆಸರಿಗೆ ಸುರಿದ ದುಡ್ಡು ಉಳಿದ ಹೊತ್ತೆಲ್ಲ ಕೈಕಟ್ಟಿ ಕಾಯುತ್ತದೆ. ನಮ್ಮೂರ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕೋಣ ಎಷ್ಟೇ ಬಲಶಾಲಿಯಾದರೂ ಜೊತೆಯದು ಹಿಂದೆ ಬಿದ್ದರೆ ಜೋಡಿ ಗೆಲ್ಲುವುದಿಲ್ಲ.

ಬಡವರ ಪ್ರೊಸೆಸರ್

ಕಡಿಮೆ ದುಡ್ಡಿನವರ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಸೆಲೆರಾನ್ 300ಎ. 1998ರ ಏಪ್ರಿಲ್‌ನಲ್ಲಿ ಇಂಟೆಲ್ ತಂದ ಮೊದಲ ಸೆಲೆರಾನಿಗೆ ಎರಡನೇ ಹಂತದ ಕ್ಯಾಶ್ ಮೆಮೊರಿಯೇ ಇರಲಿಲ್ಲ. ಬೆಲೆ ಇಳಿಸಲು ಅದನ್ನೇ ಕಿತ್ತು ಹಾಕಿದ್ದರು. ಜನ ಮೂಗು ಮುರಿದರು. ಆಗಸ್ಟಿನಲ್ಲಿ ಬಂದ 300ಎಯಲ್ಲಿ 128 ಕೆಬಿ ಕ್ಯಾಶ್ ಚಿಪ್ಪಿನ ಒಳಗೇ ಇತ್ತು, ಪ್ರೊಸೆಸರಿನಷ್ಟೇ ವೇಗದಲ್ಲಿ ಓಡುತ್ತಿತ್ತು. ಬೆಲೆ 149 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 550 ದಿರ್ಹಂ. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಪ್ರೊಸೆಸರ್ 450ಕ್ಕೆ ಏರುತ್ತಿತ್ತು. ಅದೇ ವೇಗದ ಪೆಂಟಿಯಂ 2 ಆಗ 600 ಡಾಲರಿಗೂ ಮೇಲೆ. ಎಲ್ಲ ಚಿಪ್ಪುಗಳೂ ಆ ವೇಗ ತಾಳುತ್ತಿರಲಿಲ್ಲ. ಆದರೆ ತಾಳಿದವು ಸಾಕಷ್ಟಿದ್ದವು. ಪಕ್ಕದ ಕೋಣೆಯ ಹುಡುಗ ಮಾಡಿದ್ದು ಇದನ್ನೇ. ಪ್ರೊಸೆಸರಿನಲ್ಲಿ ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿದ್ದ.

ಆದರೆ ಅಗ್ಗದ ಜಾಣತನಕ್ಕೂ ಒಂದು ಮಿತಿ ಇದೆ. 2014ರಲ್ಲಿ ಇಂಟೆಲ್ 72 ಡಾಲರಿಗೆ ಪೆಂಟಿಯಂ ಜಿ3258 ತಂದಿತು. ಎರಡೇ ಕೋರ್, ಆದರೆ ವೇಗವನ್ನು ಇಷ್ಟದಂತೆ ಏರಿಸಬಹುದು. 300ಎಯ ಕಾಲ ಮರಳಿತು ಎಂದು ಹಳಬರು ಹಿಗ್ಗಿದರು. ಅದೇ ವರ್ಷದ ನವೆಂಬರಿನಲ್ಲಿ 'ಫಾರ್ ಕ್ರೈ 4' ಬಂದಾಗ ಎರಡೇ ಕೋರಿನ ಯಂತ್ರದಲ್ಲಿ ತೆರೆ ಕಪ್ಪಾಗಿ ನಿಂತಿತು. ಇಂದಿನ ಆಟಕ್ಕೆ ಸಾಕಾದದ್ದು ನಾಳೆಯ ಆಟಕ್ಕೆ ಸಾಲದು ಎಂದಾಯಿತು.

ಆ ನಾಳೆಯನ್ನು ಅಗ್ಗ ಮಾಡಿದ್ದು ಎಎಂಡಿ. 2017ರ ಮಾರ್ಚಿನಲ್ಲಿ ರೈಜೆನ್ ಬಂತು, ಮರುತಿಂಗಳೇ ಆರು ಕೋರಿನ ರೈಜೆನ್ 5 1600 ಬಂತು, 219 ಡಾಲರಿಗೆ. ಅಲ್ಲಿಯವರೆಗೆ ವರ್ಷಗಟ್ಟಲೆ ಸಾಮಾನ್ಯ ಗ್ರಾಹಕನಿಗೆ ಇಂಟೆಲ್ ಕೊಡುತ್ತಿದ್ದದ್ದು ನಾಲ್ಕೇ ಕೋರ್. ರೈಜೆನ್ ಕೂರುವ ಎಎಂ4 ಸಾಕೆಟ್ಟಿಗೆ ಐದು ವರ್ಷ ಬಿಟ್ಟು 2022ರಲ್ಲೂ ಹೊಸ ಪ್ರೊಸೆಸರುಗಳು ಬಂದವು. ಮೊದಲ ಕಾಲದ ಅನೇಕ ಬೋರ್ಡುಗಳಲ್ಲಿ ಬಯಾಸ್ ಬದಲಾಯಿಸಿಕೊಂಡರೆ ಅವೂ ಓಡಿದವು. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಉಳಿಸುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಮನೆ ಕೆಡವದೆ ಒಂದು ಕೋಣೆ ದೊಡ್ಡದು ಮಾಡಿಕೊಂಡ ಹಾಗೆ.

ಕಣ್ಣಿಗೆ ಕಾಣದ ಭಾಗ

ಪವರ್ ಸಪ್ಲೈ ಬಗ್ಗೆ ಯಾರೂ ಜಂಬ ಕೊಚ್ಚುವುದಿಲ್ಲ. ಆದರೆ ಯಂತ್ರದ ಆಯುಷ್ಯ ಇರುವುದು ಅದರಲ್ಲೇ. ಹಳೆಯ ಎಟಿ ಮಾದರಿಯಲ್ಲಿ ಮದರ್‌ಬೋರ್ಡಿಗೆ ಎರಡು ಪ್ಲಗ್ ಸಿಕ್ಕಿಸಬೇಕಿತ್ತು. ಎಡಬಲ ಅದಲು ಬದಲಾದರೆ ಬೋರ್ಡು ಸುಟ್ಟಂತೆಯೇ. 'ಕಪ್ಪು ತಂತಿಗಳು ಒಟ್ಟಿಗೆ ಬರಬೇಕು' ಎಂಬುದು ಆಗಿನ ಟೆಕ್ನಿಷಿಯನ್‌ಗಳ ಮಂತ್ರ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿ ಇದನ್ನು ತಪ್ಪಾಗಿ ಕೂರದ ಒಂದೇ ಪ್ಲಗ್ ಮಾಡಿತು. ಬೋರ್ಡು, ಕ್ಯಾಬಿನೆಟ್, ಪವರ್ ಸಪ್ಲೈ ಯಾರದೇ ಇರಲಿ ಒಂದಕ್ಕೊಂದು ಹೊಂದುವಂತೆ ಮಾಡಿದ್ದೂ ಅದೇ. ಹಿಂಬದಿಯಲ್ಲಿ 115 ಮತ್ತು 230 ವೋಲ್ಟಿನ ಕೆಂಪು ಸ್ವಿಚ್ಚೊಂದು ಇರುತ್ತಿದ್ದದ್ದು ಕೆಲವರಿಗೆ ನೆನಪಿರಬಹುದು. 127 ಮತ್ತು 220 ಎರಡೂ ಇದ್ದ ಸೌದಿಯಿಂದ ಬಂದವರು ಅದನ್ನು ಎರಡೆರಡು ಸಲ ನೋಡಿಯೇ ಪ್ಲಗ್ ಹಾಕುತ್ತಿದ್ದರು.

2000ದ ಆಸುಪಾಸಿನ ಕೆಲವು ವರ್ಷ ಇನ್ನೊಂದು ಪಿಡುಗು ಬಂತು. ಕಳಪೆ ಕೆಪಾಸಿಟರ್‌ಗಳು ಲಕ್ಷಗಟ್ಟಲೆ ಮದರ್‌ಬೋರ್ಡುಗಳ ಒಳಗೆ ಸೇರಿಕೊಂಡವು. ಒಂದೆರಡು ವರ್ಷದಲ್ಲಿ ಅವುಗಳ ತಲೆ ಉಬ್ಬಿ ಒಳಗಿನ ದ್ರವ ಸೋರಿತು. ಕೆಲವೇ ಪೈಸೆ ಉಳಿಸಲು ಹೋಗಿ ಇಡೀ ಯಂತ್ರ ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಬೆಲೆಯ ಏರಿಳಿತ

ಸಮತೋಲ ಎಂಬುದು ಒಮ್ಮೆ ಬರೆದಿಟ್ಟ ಸೂತ್ರವೂ ಅಲ್ಲ, ಮಾರುಕಟ್ಟೆ ಅದನ್ನು ಅಲುಗಾಡಿಸುತ್ತಲೇ ಇರುತ್ತದೆ. 2008ರ ಜೂನಿನಲ್ಲಿ 199 ಡಾಲರಿಗೆ ರೇಡಿಯಾನ್ ಎಚ್‌ಡಿ 4850 ಕಾರ್ಡು ಬಂತು. ಅದರ ಜೊತೆಗೇ ಬಂದ 299 ಡಾಲರಿನ 4870ರ ಹೊಡೆತಕ್ಕೆ ಎನ್ವಿಡಿಯಾ ತನ್ನ 649 ಡಾಲರಿನ ಜಿಟಿಎಕ್ಸ್ 280 ಕಾರ್ಡಿನ ಬೆಲೆಯನ್ನು ಕೆಲವೇ ವಾರಗಳಲ್ಲಿ 499ಕ್ಕೆ ಇಳಿಸಬೇಕಾಯಿತು. ಕಾದವನು ಗೆದ್ದ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ಡಿಸ್ಕ್ ಬೆಲೆ ದುಪ್ಪಟ್ಟಾಯಿತು. 2021ರಲ್ಲಿ ಆರ್‌ಟಿಎಕ್ಸ್ 3060 ಕಾರ್ಡಿಗೆ ಕಂಪನಿ ಹೇಳಿದ ಬೆಲೆ 329 ಡಾಲರ್. ಕ್ರಿಪ್ಟೊ ನಾಣ್ಯ ಅಗೆಯುವವರು ಮುಗಿಬಿದ್ದು ಕೊಂಡದ್ದರಿಂದ ಅಂಗಡಿಯಲ್ಲಿ ಅದು ಎರಡು ಪಟ್ಟಿಗೆ ಹೋಯಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯ ಅಗೆತದ ಪದ್ಧತಿಯನ್ನೇ ಕೈಬಿಟ್ಟಿತು. ಅಗೆದು ದಣಿದ ಕಾರ್ಡುಗಳು ಹಳೆಸಾಮಾನಿನ ಮಾರುಕಟ್ಟೆಗೆ ಹರಿದುಬಂದವು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿನಿಂದ ರ‍್ಯಾಮ್ ಬೆಲೆ ಮತ್ತೆ ಗಗನಕ್ಕೇರಿತು. 1993ರ ಕಥೆಯೇ, ಬೆಂಕಿ ಮಾತ್ರ ಬೇರೆ.

ಮಗನ ಪಟ್ಟಿ

ಇಷ್ಟನ್ನೂ ಫೋನಿನಲ್ಲಿ ಹೇಳಲಾಗದೆ ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ: "ಯಾವ ಆಟ ಆಡುತ್ತೀ, ಯಾವ ಮಾನಿಟರಿನಲ್ಲಿ?" ಅವನ ಬಳಿ ಇದ್ದದ್ದು 1080 ರೆಸಲ್ಯೂಶನ್ನಿನ ಮಾಮೂಲಿ ಮಾನಿಟರ್. ಪಟ್ಟಿ ತನ್ನಿಂತಾನೇ ತಿರುಗಿತು. ಒಟ್ಟು ದುಡ್ಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೆ. ಆರು ಕೋರಿನ ಮಧ್ಯಮ ಪ್ರೊಸೆಸರ್. 16 ಜಿಬಿ ರ‍್ಯಾಮ್, ಅದೂ ಒಂದೇ ಕಡ್ಡಿಯಲ್ಲ, 8ರ ಎರಡು. ಜೋಡಿಯಾಗಿ ಹಾಕಿದರೆ ಮೆಮೊರಿಯ ದಾರಿ ಎರಡಾಗುತ್ತದೆ. ಎಸ್‌ಎಸ್‌ಡಿ ಒಂದು. ಹೆಸರಿರುವ ಕಂಪನಿಯ ಪವರ್ ಸಪ್ಲೈ. ಉಳಿದದ್ದರಲ್ಲಿ ಗಾಳಿಯಾಡುವ ಕ್ಯಾಬಿನೆಟ್, ಬಣ್ಣದ ದೀಪ ಇಲ್ಲ.

ಇಲ್ಲಿಂದ ಕೊಂಡೊಯ್ಯುವವರಿಗೆ ಎರಡು ಮಾತು. ಲ್ಯಾಪ್‌ಟಾಪ್ ಒಂದಕ್ಕೆ ಕಸ್ಟಮ್ಸ್‌ನಲ್ಲಿ ಪ್ರತ್ಯೇಕ ವಿನಾಯಿತಿ ಇದೆ, ಬಿಡಿಭಾಗಗಳಿಗೆ ಹಾಗಿಲ್ಲ. ಅವು ನಿಮ್ಮ ಸಾಮಾನ್ಯ ಮಿತಿಯೊಳಗೇ ಬರಬೇಕು. ಹೊರಡುವ ಮೊದಲು ಆ ವರ್ಷದ ನಿಯಮ ನೋಡಿಕೊಳ್ಳಿ, ಬಿಲ್ಲು ಕೈಯಲ್ಲಿರಲಿ. ಹಾಗೆಯೇ ವಾರಂಟಿ ಊರಿನಲ್ಲಿ ನಡೆಯುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ನಾನು ಕಾರ್ಡು ಮಾತ್ರ ಇಲ್ಲಿ ಕೊಂಡು ಕೈಚೀಲದಲ್ಲಿ ಒಯ್ದೆ. ಉಳಿದದ್ದನ್ನು ಅವನೇ ಮಂಗಳೂರಿನಲ್ಲಿ ತಂದಿದ್ದ.

ಡಿಸೆಂಬರಿನ ರಜೆಯಲ್ಲಿ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತೆವು. ಪ್ರೊಸೆಸರನ್ನು ಅವನು ಕೂರಿಸಿದ, ತಂತಿಗಳನ್ನು ನಾನು ಸಿಕ್ಕಿಸಿದೆ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ತೆರೆ ಮಾತ್ರ ಕಪ್ಪು. ನನ್ನ ಎದೆ ಧಸಕ್ಕೆಂದಿತು. 1999ರ ಆ 'ಟಪ್' ನೆನಪಾಯಿತು. ಮಗ ಹಿಂಬದಿಗೆ ಬಗ್ಗಿ ನೋಡಿ ನಕ್ಕ. "ಅಪ್ಪಾ, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿದ್ದೀರಿ. ಕಾರ್ಡಿಗೆ ಹಾಕಬೇಕು." ನಲವತ್ತು ವರ್ಷದ ಚರಿತ್ರೆ ಓದಿದವನು ಕೇಬಲ್ ತಪ್ಪಾಗಿ ಹಾಕಿ ಕೂತಿದ್ದೆ.

ತೆರೆ ಬೆಳಗಿದ ಮೇಲೆ ಅವನಿಗೆ ಆ ಹಳೆಯ ಕಥೆ ಹೇಳಿದೆ. ಪೆಂಟಿಯಂ 3, ಹಂಚಿನ ದುಡ್ಡು, ಅಜ್ಜಿಗೆ ಹೇಳಿದ ಸುಳ್ಳು, ಎಲ್ಲವನ್ನೂ. ಒಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು: "ನಂಗೆ ಆಗ್ಳೇ ಗೊತ್ತಿತ್ತ್ ಮಗಾ."

ಮಗ ಏನೂ ಹೇಳಲಿಲ್ಲ. ಕುರ್ಚಿ ಎಳೆದು ತನ್ನ ಪಕ್ಕದಲ್ಲಿ ಇಟ್ಟ. ಆ ರಾತ್ರಿ ಕಾರು ಸರಿಯಾಗಿಯೇ ಓಡಿತು.